ನೆರಳು ಯಾರದು?

ನಮ್ಮ ಮನೆಗಳಲ್ಲಿ ಹಳೆಯ ಫೋಟೋಗಳಿಲ್ಲ. ಅಜ್ಜಿ ನೋಡೋಕೆ ಹೆಂಗಿದ್ಲು ಅಂತ ಕೇಳಿದರೆ ಅವ್ವ ತನ್ನ ತಂಗಿಯ ಕಡೆ ಕೈ ತೋರಿಸುತ್ತಾಳೆ. ನಾವು ಮೊದಲ ಫೋಟೋ ತೆಗೆಸಿದ್ದು ಹತ್ತನೇ ಕ್ಲಾಸಿನ ಹಾಲ್ ಟಿಕೆಟ್ಟಿಗೆ. ಅವ್ವ ತೆಗೆಸಿದ್ದು ರೇಷನ್ ಕಾರ್ಡಿಗೆ. ಸರ್ಕಾರ ಗುರುತು ಕೇಳಿದಾಗ ಮಾತ್ರ ನಮಗೆ ಮುಖ ಬಂತು. ಅದಕ್ಕೂ ಹಿಂದೆ ನಮಗಿದ್ದದ್ದು ನೆರಳೊಂದೇ. ಆ ನೆರಳೂ ಮೈಲಿಗೆ. ಪೇಶ್ವೆಗಳ ಆಳ್ವಿಕೆಯಲ್ಲಿ ಸವರ್ಣೀಯ ಎದುರು ಬರುತ್ತಿದ್ದರೆ ಅಸ್ಪೃಶ್ಯ ಬೀದಿಯಲ್ಲಿ ನಡೆಯುವಂತಿರಲಿಲ್ಲ, ನೆರಳು ತಾಗೀತು ಎಂಬ ಕಾರಣಕ್ಕೆ. ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ಇದನ್ನು ಬರೆದಿದ್ದಾರೆ.

ನೆರಳಿನಿಂದಲೇ ಅವಮಾನ ಉಂಡ ನಮಗೆ ಅಮೆರಿಕದ ಒಬ್ಬ ಹಿರಿಯಳ ಕತೆ ಬೇಗ ಅರ್ಥವಾಗುತ್ತದೆ. ಹೆಸರು ಸೋಜರ್ನರ್ ಟ್ರೂತ್. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಳಾಗಿ ಹುಟ್ಟಿದವಳು. 1826ರಲ್ಲಿ ಎಳೆಗೂಸನ್ನು ಎತ್ತಿಕೊಂಡು ಒಡೆಯನ ಮನೆ ಬಿಟ್ಟು ನಡೆದವಳು. ಓದು ಬರಹ ಬಾರದು. ಆದರೂ ಊರೂರು ತಿರುಗಿ ಗುಲಾಮಗಿರಿಯ ವಿರುದ್ಧ ಮಾತಾಡಿದಳು. 1860ರ ದಶಕದಲ್ಲಿ ಸ್ಟುಡಿಯೋಗೆ ಹೋಗಿ ತನ್ನ ಫೋಟೋ ತೆಗೆಸಿ, ಸಣ್ಣ ಸಣ್ಣ ಕಾರ್ಡು ಮಾಡಿಸಿ, ಸಭೆಗಳಲ್ಲಿ ಮಾರಿ ಹೊಟ್ಟೆ ಹೊರೆದಳು. ಆ ಕಾಲದಲ್ಲಿ ಅಲ್ಲಿ ಫೋಟೋವನ್ನು ನೆರಳು ಎಂದೂ ಕರೆಯುತ್ತಿದ್ದರು. ದೇಹ ಉಳಿಸಿಕೊಳ್ಳಲು ನೆರಳು ಮಾರುತ್ತೇನೆ ಎಂಬರ್ಥದ ಮಾತನ್ನು ಕಾರ್ಡಿನ ಕೆಳಗೆ ಅಚ್ಚು ಹಾಕಿಸಿದಳು. 1864ರಲ್ಲಿ ಆ ಫೋಟೋದ ಹಕ್ಕನ್ನು ತನ್ನ ಹೆಸರಿಗೇ ಬರೆಸಿಕೊಂಡಳು. ಹಕ್ಕು ಸಾಮಾನ್ಯವಾಗಿ ಫೋಟೋ ತೆಗೆದವನ ಹೆಸರಿಗೆ ಹೋಗುತ್ತಿದ್ದ ಕಾಲ ಅದು. ಫೋಟೋದಲ್ಲಿ ಅವಳು ಹೆಗಲಿಗೆ ಶಾಲು ಹೊದ್ದು, ಕನ್ನಡಕ ಹಾಕಿ, ಉಲ್ಲನ್ ಹೆಣಿಗೆ ಹಿಡಿದು ಕೂತಿದ್ದಾಳೆ. ಮೈಮೇಲಿನ ಬಾಸುಂಡೆ ತೋರಿಸಿದ್ದರೆ ಇನ್ನೂ ನಾಲ್ಕು ಕಾರ್ಡು ಹೆಚ್ಚಿಗೆ ಖರ್ಚಾಗುತ್ತಿತ್ತೋ ಏನೋ. ಅವಳು ತೋರಿಸಲಿಲ್ಲ.

ಇದಕ್ಕೆ ಹದಿನಾಲ್ಕು ವರ್ಷ ಹಿಂದೆ, 1850ರಲ್ಲಿ, ಅದೇ ದೇಶದ ದಕ್ಷಿಣ ಕೆರೊಲಿನಾದ ಕೊಲಂಬಿಯಾ ಪಟ್ಟಣದಲ್ಲಿ ಬೇರೆಯೇ ಒಂದು ಕೆಲಸ ನಡೆದಿತ್ತು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಲೂಯಿ ಅಗಾಸಿ ಎಂಬ ವಿಜ್ಞಾನಿಗೆ, ಕಪ್ಪು ಜನ ಬಿಳಿಯರಿಗಿಂತ ಬೇರೆ ಮೂಲದವರು, ಕೀಳು ಜಾತಿಯವರು ಎಂದು ಸಾಧಿಸಬೇಕಿತ್ತು. ಅವನಿಗಾಗಿ ಜೋಸೆಫ್ ಝೀಲಿ ಎಂಬ ಫೋಟೋಗ್ರಾಫರ್ ಗುಲಾಮರ ಬಟ್ಟೆ ಬಿಚ್ಚಿಸಿ, ಬೆಳ್ಳಿ ಲೇಪದ ತಾಮ್ರದ ತಗಡಿನ ಮೇಲೆ ಚಿತ್ರ ತೆಗೆದ. ರೆಂಟಿ, ಅವನ ಮಗಳು ಡೀಲಿಯಾ. ಜ್ಯಾಕ್, ಅವನ ಮಗಳು ಡ್ರಾನಾ. ಡೀಲಿಯಾ, ಡ್ರಾನಾ ಇಬ್ಬರನ್ನೂ ಸೊಂಟದವರೆಗೆ ಬೆತ್ತಲೆ ನಿಲ್ಲಿಸಿದರು. ನಿಲ್ಲುತ್ತೀಯಾ ಎಂದು ಯಾರೂ ಕೇಳಲಿಲ್ಲ. ಗುಲಾಮರನ್ನು ಕೇಳುವುದುಂಟೆ? ಆ ತಗಡುಗಳು ಹಾರ್ವರ್ಡಿನ ಮ್ಯೂಸಿಯಮ್ಮಿನ ಅಟ್ಟ ಸೇರಿದವು. 1976ರಲ್ಲಿ ಮತ್ತೆ ಕಣ್ಣಿಗೆ ಬಿದ್ದವು.

ಇಷ್ಟು ದೂರದ ಕತೆ ಯಾಕೆ ಹೇಳುತ್ತಿದ್ದೇವೆ ಎಂದರೆ, ನಾವೇ ಮಾಡಿದ ಒಂದು ತಪ್ಪನ್ನು ನಮಗೆ ತಿಳಿಸಿಕೊಟ್ಟವರು ಆ ದೂರದ ಹೆಣ್ಣುಮಕ್ಕಳು.

ನಾವು ಚಿಕ್ಕವ್ವ ಎಂದು ಕರೆಯುವ ಒಬ್ಬರನ್ನು ಊರಿನ ಕೆಲವರು ಬೀದಿಗೆಳೆದು ಹೊಡೆದರು. ಸೀರೆ ಹರಿದರು. ಹೊಡೆದವರೇ ಮೊಬೈಲಿನಲ್ಲಿ ವಿಡಿಯೋ ಮಾಡಿ ಹಂಚಿಕೊಂಡು ನಕ್ಕರು. ಅದು ನಮ್ಮ ಕೈಗೂ ಬಂತು. ರಕ್ತ ಕುದಿಯಿತು. ಅದರಿಂದಲೇ ಒಂದು ಚಿತ್ರ ತೆಗೆದು ಕರಪತ್ರದ ಮೇಲೆ ಅಚ್ಚು ಹಾಕಿಸಿದೆವು. ಜನ ಸೇರಿದರು, ಕೇಸು ದಾಖಲಾಯಿತು. ಗೆದ್ದೆವು ಅಂದುಕೊಂಡೆವು. ಒಂದು ವಾರದ ಮೇಲೆ ಚಿಕ್ಕವ್ವ ಆ ಕರಪತ್ರವನ್ನು ನಾಲ್ಕು ಮಡಿಕೆ ಮಾಡಿ ನಮ್ಮ ಕೈಗಿಟ್ಟರು. “ಅವ್ರು ಒಂದ್ಸಲ ಬೀದೀಲಿ ನಿಲ್ಸಿದ್ರು ಕಣ್ರಪ್ಪ. ನೀವು ಅಂಗ್ಡಿ ಅಂಗ್ಡೀಲೂ ನಿಲ್ಸಿದ್ರಿ. ಒಂದ್ ಮಾತು ನನ್ನ ಕೇಳ್ಬಾರ್ದಾಗಿತ್ತಾ?” ಅಂದರು.

ನಮ್ಮಲ್ಲಿ ಉತ್ತರವಿರಲಿಲ್ಲ. ಹೋರಾಟಕ್ಕಾಗಿ ಮಾಡಿದೆವು ಎಂದು ಹೇಳಬಹುದಿತ್ತು. ಆದರೆ ಅಗಾಸಿಯೂ ವಿಜ್ಞಾನಕ್ಕಾಗಿ ಎಂದೇ ಹೇಳಿದ್ದ. ಅವನ ಉದ್ದೇಶ ನೀಚ, ನಮ್ಮದು ಒಳ್ಳೆಯದು, ನಿಜ. ಚಿತ್ರದೊಳಗೆ ನಿಂತವಳಿಗೆ ಆ ವ್ಯತ್ಯಾಸ ಕಂಡೀತೇ? ಅನ್ಯಾಯ ಮಾಡಿದವನು ತೆಗೆದ ಚಿತ್ರವನ್ನು ಅನ್ಯಾಯದ ವಿರುದ್ಧ ಬಳಸುವುದು ನ್ಯಾಯವೇ? ಪ್ರಶ್ನೆ ಇದು.

ತೋರಿಸದಿದ್ದರೆ ಯಾರು ನಂಬುತ್ತಾರೆ ಎಂದು ಗೆಳೆಯರು ಕೇಳುತ್ತಾರೆ. ಸರಿಯಾದ ಮಾತೇ. 1955ರಲ್ಲಿ ಶಿಕಾಗೋದಿಂದ ಮಿಸಿಸಿಪಿಗೆ ನೆಂಟರ ಮನೆಗೆ ಹೋಗಿದ್ದ ಹದಿನಾಲ್ಕರ ಹುಡುಗ ಎಮೆಟ್ ಟಿಲ್‌ನನ್ನು ಬಿಳಿಯರು ಗುರುತು ಸಿಗದ ಹಾಗೆ ಹೊಡೆದು ಕೊಂದರು. ತಾಯಿ ಮೇಮಿ ಟಿಲ್ ಶವಪೆಟ್ಟಿಗೆಯ ಮುಚ್ಚಳ ತೆರೆದೇ ಇರಬೇಕೆಂದು ಹಟ ಹಿಡಿದಳು. ಆ ಮುಖದ ಫೋಟೋ ‘ಜೆಟ್’ ಪತ್ರಿಕೆಯಲ್ಲಿ ಬಂತು. ಒಂದು ಪೀಳಿಗೆಯೇ ಎದ್ದು ನಿಂತಿತು. ಆದರೆ ಗಮನಿಸಿ, ತೀರ್ಮಾನ ತಾಯಿಯದು. ಲೋಕ ನೋಡಲಿ ಎಂದವಳು ಹೆತ್ತವಳು. ನಾವು ಚಿಕ್ಕವ್ವನಿಂದ ಕಿತ್ತುಕೊಂಡದ್ದು ಆ ತೀರ್ಮಾನವನ್ನೇ.

ಕೇಳಬೇಕಾದವರು ಸತ್ತೇಹೋಗಿದ್ದರೆ? ಡೀಲಿಯಾಳ ಅಪ್ಪಣೆಯನ್ನು ಈಗ ಯಾರು ತರಬೇಕು? ಈ ಕಷ್ಟಕ್ಕೆ ಕೈ ಹಾಕಿದವಳು ಕ್ಯಾರಿ ಮೇ ವೀಮ್ಸ್, 1953ರಲ್ಲಿ ಹುಟ್ಟಿದ ಕಪ್ಪು ಕಲಾವಿದೆ. 1995-96ರಲ್ಲಿ ಅವಳು ಝೀಲಿ ತೆಗೆದ ಚಿತ್ರಗಳನ್ನೂ ಅಂಥವೇ ಬೇರೆ ಹಳೆಯ ಚಿತ್ರಗಳನ್ನೂ ಮತ್ತೆ ತೆಗೆದು, ದೊಡ್ಡದು ಮಾಡಿ, ರಕ್ತದ ಕೆಂಪು ಹಚ್ಚಿದಳು. ಮೇಲಿನ ಗಾಜಿನ ಮೇಲೆ ಮಾತು ಕೊರೆಸಿದಳು. ಬೆತ್ತಲೆ ದೇಹವನ್ನು ಆ ಮಾತು ದಾಟಿಯೇ ನೋಡಬೇಕು. ಆ ಮಾತಿನಲ್ಲಿ ಚಿತ್ರದೊಳಗಿನವರನ್ನು ‘ನೀನು’ ಎಂದು ಕರೆದಳು. ನಿನ್ನನ್ನು ವಿಜ್ಞಾನದ ಸರಕು ಮಾಡಿದರು ಎಂದು ಅವರಿಗೇ ಹೇಳಿದಳು. ಅಗಾಸಿ ‘ಇದು’ ಎಂದು ನೋಡಿದ್ದನ್ನು ವೀಮ್ಸ್ ‘ನೀನು’ ಎಂದು ಮಾತಾಡಿಸಿದಳು. ಸಾಲಿನ ಮೊದಲಿಗೂ ಕೊನೆಗೂ ನೀಲಿ ಬಣ್ಣದಲ್ಲಿ ಒಬ್ಬಳೇ ಆಫ್ರಿಕನ್ ಹೆಣ್ಣು ನಿಂತು ಇದನ್ನೆಲ್ಲ ನೋಡುತ್ತಾಳೆ. ನಡೆದದ್ದನ್ನು ಇಲ್ಲಿಂದ ಕಂಡೆ, ಅತ್ತೆ ಎಂಬುದು ಇಡೀ ಕೃತಿಯ ಹೆಸರಿನ ಅರ್ಥ. ಸಾವಿನ ಮನೆಗೆ ಹೋದವರು ಹೆಸರು ಹಿಡಿದು ಅಳುತ್ತಾರಲ್ಲ, ಹಾಗೆ. ಅಷ್ಟಾದರೂ ಡೀಲಿಯಾ ಮತ್ತೊಮ್ಮೆ ಬೆತ್ತಲಾದಳಲ್ಲ ಎನ್ನುವವರಿದ್ದಾರೆ. ಆ ಮಾತನ್ನು ತಳ್ಳಿಹಾಕುವ ಧೈರ್ಯ ನಮಗಿಲ್ಲ.

ಹಾರ್ವರ್ಡ್ ಆಗ ಕೇಸು ಹಾಕುವುದಾಗಿ ವೀಮ್ಸ್‌ಳನ್ನು ಹೆದರಿಸಿತು, ಹಾಕಲಿಲ್ಲ. ತಾನು ರೆಂಟಿಯ ಕುಡಿ ಎನ್ನುವ ತಮಾರಾ ಲೇನಿಯರ್ 2019ರಲ್ಲಿ ಹಾರ್ವರ್ಡಿನ ಮೇಲೆಯೇ ಕೇಸು ಹಾಕಿದಳು. ಚಿತ್ರದೊಳಗಿದ್ದ ಮಾತ್ರಕ್ಕೆ ಚಿತ್ರದ ಒಡೆತನ ಬರುವುದಿಲ್ಲ ಎಂದು ಮ್ಯಾಸಚೂಸೆಟ್ಸಿನ ಮೇಲಿನ ಕೋರ್ಟು 2022ರಲ್ಲಿ ಹೇಳಿತು. ಆದರೆ ವಿಶ್ವವಿದ್ಯಾನಿಲಯ ಅವಳಿಗೆ ಕೊಟ್ಟ ನೋವಿನ ಬಗ್ಗೆ ವಿಚಾರಣೆ ನಡೆಯಬಹುದು ಎಂದಿತು. 2025ರಲ್ಲಿ ರಾಜಿಯಾಯಿತು, ತಗಡುಗಳನ್ನು ದಕ್ಷಿಣ ಕೆರೊಲಿನಾದಲ್ಲಿರುವ ಆಫ್ರಿಕನ್ ಅಮೆರಿಕನ್ನರ ಮ್ಯೂಸಿಯಮ್ಮಿಗೆ ಬಿಟ್ಟುಕೊಡಲು ಹಾರ್ವರ್ಡ್ ಒಪ್ಪಿತು. ಒಂದು ನೆರಳು ತವರಿನ ದಾರಿ ಹಿಡಿಯಲು ನೂರ ಎಪ್ಪತ್ತೈದು ವರ್ಷ ಬೇಕಾಯಿತು.

ಮೈ ತೋರಿಸದೆಯೇ ನೋವನ್ನು ಹೇಳಬಹುದೆಂದು ತೋರಿಸಿದವಳು ಲೋರ್ನಾ ಸಿಂಪ್ಸನ್. ಅವಳ 1986ರ ಫೋಟೋ ಒಂದಕ್ಕೆ ‘ನೀರು ಹೊತ್ತವಳು’ ಎಂಬರ್ಥದ ಹೆಸರು. ಬಿಳಿ ಅಂಗಿಯ ಕಪ್ಪು ಹೆಣ್ಣೊಬ್ಬಳು ನಮಗೆ ಬೆನ್ನು ಮಾಡಿ ನಿಂತಿದ್ದಾಳೆ. ಒಂದು ಕೈಯಲ್ಲಿ ಲೋಹದ ಹೂಜಿ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕ್ಯಾನು. ಎರಡರಿಂದಲೂ ನೀರು ಸುರಿಯುತ್ತಿದೆ. ಕೆಳಗಿನ ಮಾತಿನ ಸಾರ ಇಷ್ಟು: ನದಿಯ ಹತ್ತಿರ ಒಬ್ಬ ಕಾಣೆಯಾದದ್ದನ್ನು ಅವಳು ಕಂಡಿದ್ದಳು, ಏನಾಯಿತು ಹೇಳು ಎಂದರು, ಹೇಳಿದ ಮೇಲೆ ಅವಳ ನೆನಪಿಗೆ ಬೆಲೆ ಕೊಡಲಿಲ್ಲ. 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಿ ಏಟು ತಿಂದವರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕೆ? ಠಾಣೆಯಲ್ಲಿ, ಕೋರ್ಟಿನಲ್ಲಿ ನಮ್ಮ ಹೆಂಗಸರ ಸಾಕ್ಷಿ ಎಷ್ಟು ಸಲ ಹೀಗೆ ನೆಲಕ್ಕೆ ಚೆಲ್ಲಿ ಹೋಗಿಲ್ಲ? ನಿಮ್ಮ ನಂಬಿಕೆ ಬೇಕೆಂದು ನಿಮ್ಮ ಕಡೆ ತಿರುಗಲಾರೆ ಎನ್ನುವಂತಿದೆ ಆ ಬೆನ್ನು.

ಹೊವಾರ್ಡೀನಾ ಪಿಂಡೆಲ್ 1980ರಲ್ಲಿ ಹನ್ನೆರಡು ನಿಮಿಷದ ಒಂದು ವಿಡಿಯೋ ಮಾಡಿದಳು. ಕ್ಯಾಮೆರಾದ ಮುಂದೆ ಕೂತು ತನ್ನ ಅನುಭವ ಒಂದೊಂದೇ ಹೇಳುತ್ತಾಳೆ. ಅವಳ ತಾಯಿ ಮಗುವಾಗಿದ್ದಾಗ ನೋಡಿಕೊಳ್ಳಲು ಬಂದ ಬಿಳಿ ಹೆಂಗಸು, ಮೈಯ ಕಪ್ಪನ್ನು ಕೊಳೆ ಎಂದುಕೊಂಡು ಸುಡುವ ಕ್ಷಾರ ಹಾಕಿ ತೊಳೆದು ತೋಳು ಸುಟ್ಟಳಂತೆ. ನಡುನಡುವೆ ಪಿಂಡೆಲ್ ತಾನೇ ಬಿಳಿ ಬಣ್ಣ ಬಳಿದು, ಕೃತಕ ಕೂದಲು, ಕಪ್ಪು ಕನ್ನಡಕ ಹಾಕಿ ಬಿಳಿ ಹೆಂಗಸಾಗಿ ಬಂದು, ಇದೆಲ್ಲ ನಿನ್ನ ಭ್ರಮೆ, ನಮಗ್ಯಾರಿಗೂ ಹೀಗಾಗಿಲ್ಲ ಎನ್ನುತ್ತಾಳೆ. “ಈಗೆಲ್ಲಿದೆ ಬಿಡ್ರೀ ಜಾತಿ” ಅನ್ನುವ ಸ್ಟಾಫ್ ರೂಮಿನ ದನಿ ನಮ್ಮ ಮೇಷ್ಟ್ರುಗಳಿಗೆ ಗೊತ್ತು. ಗಾಯ ತೋರಿಸಲು ಪಿಂಡೆಲ್ ಗಾಯದ ಚಿತ್ರ ತರಲಿಲ್ಲ. ಹೇಳುವವಳ ಮುಖ, ನಂಬದವಳ ಮುಖ ಎರಡನ್ನೂ ಎದುರು ಬದುರು ಇಟ್ಟಳು.

ಇನ್ನು ನಮ್ಮ ಅಜ್ಜಿಯಂಥವರು, ಚಿತ್ರವೇ ಉಳಿಯದವರು. ಜೂಲಿ ಡ್ಯಾಶ್ ಅವರಿಗಾಗಿ ಸಿನಿಮಾ ಮಾಡಿದಳು. 1991ರ ‘ಡಾಟರ್ಸ್ ಆಫ್ ದಿ ಡಸ್ಟ್’ ಅಮೆರಿಕದ ಚಿತ್ರಮಂದಿರಗಳಲ್ಲಿ ಎಲ್ಲೆಡೆ ಬಿಡುಗಡೆಯಾದ, ಆಫ್ರಿಕನ್ ಅಮೆರಿಕನ್ ಹೆಣ್ಣೊಬ್ಬಳ ಮೊದಲ ಕಥಾಚಿತ್ರ. ಸಿನಿಮಾ ಹುಟ್ಟಿ ತೊಂಬತ್ತು ವರ್ಷ ದಾಟಿದ ಮೇಲೆ! ಕತೆ 1902ರದು. ಕಡಲಿನ ದ್ವೀಪವೊಂದರ ಗುಲ್ಲಾ ಜನರ ಕುಟುಂಬ ಉತ್ತರಕ್ಕೆ ಗುಳೆ ಹೊರಡುವ ಹಿಂದಿನ ದಿನ ಒಟ್ಟಾಗಿ ಊಟಕ್ಕೆ ಸೇರುತ್ತದೆ. ಹಿರಿಯಜ್ಜಿ ನಾನಾಳ ಕೈಗಳು ನೀಲಿಯಲ್ಲಿ ದುಡಿದು ನೀಲಿಗಟ್ಟಿವೆ. ನಿಜದಲ್ಲಿ ಆ ಬಣ್ಣ ಅಷ್ಟು ವರ್ಷ ಉಳಿಯುವುದಿಲ್ಲ. ದುಡಿಮೆಯ ಗುರುತು ಕೈಬಿಟ್ಟು ಹೋಗದಿರಲಿ ಎಂದು ಡ್ಯಾಶ್ ಉಳಿಸಿದಳು. ಕುಟುಂಬದ ಫೋಟೋ ತೆಗೆಯಲು ಪಟ್ಟಣದಿಂದ ಬಂದವನೊಬ್ಬ ಮೊದಮೊದಲು ವಿಚಿತ್ರ ಜನ ಎಂಬಂತೆ ನೋಡುತ್ತಾನೆ. ಬರಬರುತ್ತ ಹಿರಿಯರ ಹತ್ತಿರ ಕೂತು ಕೇಳತೊಡಗುತ್ತಾನೆ. ಕೇಳಿಸಿಕೊಂಡ ಮೇಲೆ ಅವನ ನೋಟವೇ ಬೇರೆಯಾಗುತ್ತದೆ.

ಆ ನೋಟವನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದವಳು ಲಟೋಯಾ ರೂಬಿ ಫ್ರೇಜಿಯರ್. ಊರು ಪೆನ್ಸಿಲ್ವೇನಿಯಾದ ಬ್ರ್ಯಾಡಕ್. ಕಾರ್ನೆಗಿಯ ಉಕ್ಕಿನ ಕಾರ್ಖಾನೆ 1875ರಲ್ಲಿ ಶುರುವಾದ ಊರು. ಉಕ್ಕಿನ ಕೆಲಸ ಕುಸಿದ ಮೇಲೆ ಹೊಗೆ, ಕಾಯಿಲೆ, ಮುಚ್ಚಿದ ಅಂಗಡಿಗಳು ಉಳಿದವು. 2010ರಲ್ಲಿ ಆಸ್ಪತ್ರೆಯೂ ಮುಚ್ಚಿತು. ಅಜ್ಜಿ, ಅವ್ವ, ತಾನು ಹೀಗೆ ಮೂರು ತಲೆಮಾರನ್ನು ಫ್ರೇಜಿಯರ್ ವರ್ಷಗಟ್ಟಲೆ ಚಿತ್ರಿಸಿ 2014ರಲ್ಲಿ ಪುಸ್ತಕ ಮಾಡಿದಳು. ಅದರಲ್ಲಿ ಅವ್ವನೂ ಕ್ಯಾಮೆರಾ ಹಿಡಿದು ಮಗಳ ಚಿತ್ರ ತೆಗೆದಿದ್ದಾಳೆ. ನೋಡುವವರು, ನೋಡಿಸಿಕೊಳ್ಳುವವರು ಎಂಬ ಎರಡು ಜಾತಿ ಅಲ್ಲಿಲ್ಲ.

ನಮಗೂ ಈ ಜನಕ್ಕೂ ನಂಟು ಹೊಸದಲ್ಲ. 1972ರಲ್ಲಿ ಬೊಂಬಾಯಿಯ ದಲಿತ ತರುಣರು ಅಮೆರಿಕದ ಬ್ಲ್ಯಾಕ್ ಪ್ಯಾಂಥರರಿಂದಲೇ ತಮ್ಮ ಸಂಘಟನೆಗೆ ಹೆಸರು ತಂದರು. ಅಂದು ಮುಷ್ಟಿ ಬಿಗಿಯುವುದನ್ನು ಕಲಿತೆವು. ಇಂದು ಆ ಹೆಣ್ಣುಮಕ್ಕಳಿಂದ ನೋಡುವುದನ್ನು ಕಲಿಯಬೇಕಾಗಿದೆ. 2016ರಲ್ಲಿ ಗುಜರಾತಿನ ಉನಾದಲ್ಲಿ ಚರ್ಮ ಸುಲಿಯುತ್ತಿದ್ದ ದಲಿತ ತರುಣರನ್ನು ಹೊಡೆದವರೇ ವಿಡಿಯೋ ಮಾಡಿ ಹರಡಿದರು. ಅದು ಝೀಲಿಯ ತಗಡಿನ ಕೆಲಸವೇ. ಹೊಡೆದವನ ಕಣ್ಣಿನಿಂದ ನಮ್ಮವರನ್ನು ನಾವೂ ನೋಡುವ ಮೊದಲು, ಹಂಚುವ ಮೊದಲು, ಒಂದು ಗಳಿಗೆ ಕೈ ತಡೆಯಬೇಡವೇ?

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಶೂ ಕೊಟ್ಟಾಗ, ಪುಸ್ತಕ ಕೊಟ್ಟಾಗ ಮಗುವನ್ನು ಕೈಯೊಡ್ಡಿ ನಿಲ್ಲಿಸಿ ಫೋಟೋ ತೆಗೆಯುತ್ತೀರಿ. ವರದಿಗೆ ಬೇಕು, ಗೊತ್ತು. ಆ ಮಗು ನಾಳೆ ದೊಡ್ಡವನಾಗಿ ಆ ಫೋಟೋ ನೋಡಿದರೆ ಏನನ್ನಬಹುದು ಎಂದು ಕೇಳಿಕೊಳ್ಳಿ. ಸಂಘಟನೆಯ ಗೆಳೆಯರೇ, ಕರಪತ್ರ ಅಚ್ಚಿಗೆ ಕಳಿಸುವ ಮೊದಲು ಆ ಮನೆಯ ಬಾಗಿಲಿಗೆ ಹೋಗಿ. ಕೇಳಿ. ಅವರು ತೋರಿಸಿ ಅಂದರೆ ತಲೆಯೆತ್ತಿ ತೋರಿಸೋಣ. ಬೇಡ ಅಂದರೆ ಬೇಡ. ಅದರಿಂದ ಹೋರಾಟಕ್ಕೆ ಒಂದು ಚಿತ್ರ ಕಡಿಮೆಯಾಗುತ್ತದೆ. ನಿಜ, ನಷ್ಟವೇ. ಆ ನಷ್ಟವನ್ನು ಚಿಕ್ಕವ್ವನ ತಲೆಗೆ ಕಟ್ಟದೆ ನಾವೇ ಹೊರಬೇಕು. ಮಾತಿನಿಂದ, ಹಾಡಿನಿಂದ, ಸಾಕ್ಷಿಯಿಂದ ತುಂಬಿಕೊಡಬೇಕು.

ಈ ಬರಹಕ್ಕೆ ಮುಂಚೆ ಚಿಕ್ಕವ್ವನ ಹತ್ತಿರ ಹೋಗಿದ್ದೆವು. ತಪ್ಪಾಯಿತು ಎಂದೆವು. ಹೆಸರು ಹಾಕದೆ ನಿಮ್ಮ ಮಾತನ್ನು ಬರೆಯಬಹುದಾ ಎಂದು ಕೇಳಿದೆವು. “ಮಾತು ಬರ್ಕೊಳ್ಳಿ” ಅಂದರು. ಆಸೆ ತಡೆಯದೆ, ನೀವು ಇಷ್ಟಪಟ್ಟ ಹಾಗೆ ಕೂರಿಸಿ ಒಂದು ಒಳ್ಳೆ ಫೋಟೋ ತೆಗೆಯೋಣವಾ ಅಂದೆವು. ಚಿಕ್ಕವ್ವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ “ಬ್ಯಾಡ” ಅಂದು ಸೆರಗು ಸರಿಮಾಡಿಕೊಂಡು ಒಲೆಯ ಕಡೆ ತಿರುಗಿದರು.

ಅದಕ್ಕೇ ಈ ಬರಹದ ಜೊತೆ ಚಿತ್ರವಿಲ್ಲ.