ಬೂತಾಯಿಯ ಬದಲಿಗೆ ಯಾರು?

ಉಳ್ಳಾಲದ ಕಡಲ ಬದಿಯಲ್ಲಿ ಬಸ್ಸು ಸಾಗುವಾಗ ಕಿಟಕಿಯಿಂದ ಒಮ್ಮೆಲೇ ಒಂದು ವಾಸನೆ ಒಳನುಗ್ಗುತ್ತದೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ, ಊರವರು ಸುಮ್ಮನಿರುತ್ತಾರೆ. ಬೂತಾಯಿಯಂಥ ಸಣ್ಣ ಮೀನುಗಳನ್ನು ಬೇಯಿಸಿ, ಹಿಂಡಿ, ಒಣಗಿಸಿ ಪುಡಿ ಮಾಡುವ ಫಿಶ್‌ಮೀಲ್ ಫ್ಯಾಕ್ಟರಿಗಳ ವಾಸನೆ ಅದು. ನಾಲ್ಕೈದು ಕಿಲೋ ಹಸಿ ಮೀನಿಗೆ ಒಂದು ಕಿಲೋ ಪುಡಿ. ಅದರಲ್ಲಿ ಹೆಚ್ಚಿನದು ಎಲ್ಲೋ ಸಾಕುತ್ತಿರುವ ಮೀನು, ಸಿಗಡಿಗಳ ಹೊಟ್ಟೆ ಸೇರುತ್ತದೆ.

ಬಡವರ ಗಂಜಿಗೆ ಜೊತೆಯಾಗುತ್ತಿದ್ದ ಮೀನನ್ನು ಅರೆದು, ಉಳ್ಳವರ ತಟ್ಟೆಗೆ ಹೋಗುವ ಮೀನಿಗೆ ತಿನ್ನಿಸುವುದು ಸರಿಯೇ? ಸೆನೆಗಲ್, ಗ್ಯಾಂಬಿಯಾಗಳಲ್ಲಿ ಮೀನನ್ನು ಹೊಗೆಯಲ್ಲಿ ಒಣಗಿಸಿ ಮಾರುವ ಹೆಂಗಸರೂ ಇದನ್ನೇ ಕೇಳುತ್ತಿದ್ದಾರೆ. ಫ್ಯಾಕ್ಟರಿ ಕೊಡುವ ಬೆಲೆಯನ್ನು ಅವರು ಕೊಡಲಾರರು.

ಇದಕ್ಕೆ ವಿಜ್ಞಾನ ಕೊಡುವ ಉತ್ತರ: ಬೇರೆ ಪ್ರೋಟೀನ್ ಹುಡುಕೋಣ. ಅದು ಸುಲಭವಲ್ಲ. ಹಸು ಹುಲ್ಲಿನಲ್ಲಿ ಬದುಕುತ್ತದೆ. ನಾರ್ವೆಯ ಸಾಲ್ಮನ್ ಆಗಲಿ, ಕಾರವಾರದ ಕಡಲಲ್ಲಿ ಪಂಜರದೊಳಗೆ ಬೆಳೆಸುವ ಸೀಬಾಸ್ ಆಗಲಿ ಹುಟ್ಟಾ ಬೇಟೆಗಾರರು. ಪಂಜರದಲ್ಲಿಟ್ಟರೂ ಹೊಟ್ಟೆ ಬೇಟೆಗಾರನದೇ. ಸೋಯಾ ಹಿಂಡಿ ಹೆಚ್ಚಾದರೆ ಸಾಲ್ಮನ್ನಿನ ಕರುಳು ಉರಿಯೂತಕ್ಕೆ ಒಳಗಾಗುತ್ತದೆ. ಮೀನಿನ ಮೈಗೆ ಬೇಕಾದ ಟಾರಿನ್ ಕಾಳುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಸೋಯಾವನ್ನು ಸಂಸ್ಕರಿಸಬೇಕು, ಕೊರತೆಯನ್ನು ಹೊರಗಿನಿಂದ ತುಂಬಬೇಕು. ನಾರ್ವೆ ಇದನ್ನು ಸಾಧಿಸಿತು. 1990ರಲ್ಲಿ ಅಲ್ಲಿನ ಸಾಲ್ಮನ್ ಆಹಾರದ ಸುಮಾರು 90 ಪ್ರತಿಶತ ಕಡಲಿನಿಂದ ಬರುತ್ತಿತ್ತು. 2020ರ ಹೊತ್ತಿಗೆ ಅದು ಸುಮಾರು 22ಕ್ಕೆ ಇಳಿಯಿತು. ಸೋಯಾ ಬಹುಪಾಲು ಬ್ರೆಜಿಲ್‌ನಿಂದ ಬಂತು. ಕಡಲಿನ ಭಾರ ನೆಲದ ಮೇಲೆ ಬಿತ್ತು.

ಈಗ ಹುಳುವಿನ ಸರದಿ. ಕಪ್ಪು ಸೈನಿಕ ನೊಣದ ಮರಿಗಳನ್ನು ತರಕಾರಿ ಸಿಪ್ಪೆ, ಧಾನ್ಯದ ತೌಡಿನ ಮೇಲೆ ಬೆಳೆಸಿ ಪುಡಿ ಮಾಡುತ್ತಾರೆ. ಯುರೋಪಿನ ಒಕ್ಕೂಟ 2017ರಲ್ಲಿ ಇದನ್ನು ಮೀನಿನ ಆಹಾರದಲ್ಲಿ ಬಳಸಲು ಒಪ್ಪಿಗೆ ಕೊಟ್ಟಿತು. ಕಸ ಕರಗುತ್ತದೆ, ಕಾಡು ಉಳಿಯುತ್ತದೆ. ಆದರೆ ಒಂದು ಮೀನಿಗೆ ಸಾವಿರಾರು ಹುಳು. ಹುಳುವಿಗೆ ನೋವಾಗುತ್ತದೆಯೇ ಎಂಬುದು ಇನ್ನೂ ಇತ್ಯರ್ಥವಾಗದ ಚರ್ಚೆ. ಜೀವಗಳ ಲೆಕ್ಕ ಹಾಕುವವನು ಇಲ್ಲಿ ತಡವರಿಸಲೇಬೇಕು.

ನನ್ನನ್ನು ಹೆಚ್ಚು ಕಾಡುವುದು ಮಾತ್ರ ಇನ್ನೊಂದು ಲೆಕ್ಕ. ಆ ಮೂವತ್ತು ವರ್ಷಗಳಲ್ಲಿ ನಾರ್ವೆಯ ಸಾಲ್ಮನ್ ಇಳುವರಿ ಸುಮಾರು ಒಂದೂವರೆ ಲಕ್ಷ ಟನ್ನಿನಿಂದ ಸುಮಾರು 14 ಲಕ್ಷ ಟನ್ನಿಗೆ ಏರಿತು. ಆಹಾರದಲ್ಲಿ ಕಡಲಿನ ಪಾಲು ನಾಲ್ಕನೇ ಒಂದಕ್ಕೆ ಇಳಿಯಿತು, ಉಣ್ಣುವ ಬಾಯಿ ಒಂಬತ್ತು ಪಟ್ಟು ಹೆಚ್ಚಿತು. ಗುಣಿಸಿ ನೋಡಿ: ಕಡಲಿನಿಂದ ತೆಗೆದದ್ದು ಒಟ್ಟಿನಲ್ಲಿ ಕಡಿಮೆಯಾಗಲಿಲ್ಲ.

ಊಟದ ಪಂಕ್ತಿಯಲ್ಲಿ ಬದಲಿ ಎಂದರೆ ಒಬ್ಬರು ಏಳಬೇಕು, ಆ ಎಲೆಗೆ ಇನ್ನೊಬ್ಬರು ಕೂರಬೇಕು. ಇಲ್ಲಿ ಬೂತಾಯಿ ಏಳಲೇ ಇಲ್ಲ. ಪಕ್ಕದಲ್ಲಿ ಸೋಯಾಕ್ಕೆ ಎಲೆ ಹಾಕಿದರು, ನಾಳೆ ಹುಳುವಿಗೂ ಹಾಕುತ್ತಾರೆ.

ಇದಕ್ಕೆ ವಿಜ್ಞಾನಿಯನ್ನು ದೂರುವುದು ತಪ್ಪು. ಫಿಶ್‌ಮೀಲಿಗೆ ಈಗ ಮೀನಿನ ತಲೆ, ಮುಳ್ಳುಗಳೂ ಬಳಕೆಯಾಗುತ್ತಿವೆ, ಆ ಫ್ಯಾಕ್ಟರಿಗಳಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ. ಸಾಕಿದ ಮೀನೂ ಯಾರದೋ ಊಟವೇ. ಆದರೆ ಕಡಲಿಂದ ಇಷ್ಟೇ ತೆಗೆಯುತ್ತೇವೆ, ಅದರಲ್ಲಿ ಮನುಷ್ಯರ ಪಾಲು ಮೊದಲು ಎಂಬ ಮಿತಿ ಯಾವ ಪ್ರಯೋಗಾಲಯದಿಂದಲೂ ಬರುವುದಿಲ್ಲ. ಅದನ್ನು ನಾವೇ ಕೂತು ತೀರ್ಮಾನಿಸಬೇಕು.

ಹೊಸ ಆಹಾರ ಗೆದ್ದಿತೆಂದು ಯಾರಾದರೂ ಹೇಳಿದರೆ ನಾನು ಮೀನು ಮಾರುವ ಹೆಂಗಸಿನ ಬುಟ್ಟಿಯನ್ನು ನೋಡುತ್ತೇನೆ. ಅಲ್ಲಿ ಬೂತಾಯಿ ಇದೆಯೇ, ದಿನಗೂಲಿಯವರು ಕೊಳ್ಳುವ ಬೆಲೆಗೆ ಇದೆಯೇ?