ಅಸಾಧ್ಯವನ್ನು ಊಹಿಸುವುದು ಸುಳ್ಳೇ?

ಸವಣೂರಿನ ದೊಡ್ಡಹುಣಸೆ ಮರದ ಮುಂದೆ ನಿಂತು ನಿಮ್ಮ ಮಗು ಹೀಗೆ ಕೇಳಿತೆಂದಿಟ್ಟುಕೊಳ್ಳಿ: "ಅಬ್ಬಾ, ಈ ಮರದ ಬೇರು ಮೇಲಿದ್ದು, ಎಲೆಗಳೆಲ್ಲ ಮಣ್ಣಿನೊಳಗಿದ್ದರೆ?" ಎಲೆ ಉದುರಿದಾಗ ಆ ಮರ ಹಾಗೆಯೇ ಕಾಣುತ್ತದೆ. ಆದರೂ "ಹುಚ್ಚು ಮಾತು ಬಿಡು, ಇಲ್ಲದ್ದನ್ನು ಹೇಳುವುದು ಸುಳ್ಳು" ಎಂದು ನಮ್ಮಲ್ಲಿ ಅನೇಕರು ಗದರಿಸಿಬಿಡುತ್ತೇವೆ. ಸುಳ್ಳಿನ ಬಗ್ಗೆ ಈ ಎಚ್ಚರ ಮೆಚ್ಚತಕ್ಕದ್ದೇ. ಆದರೆ ಅಸಾಧ್ಯವಾದುದನ್ನು ಊಹಿಸಿದರೆ ಸುಳ್ಳು ಹೇಳಿದಂತಾಗುವುದೇ?

ಸ್ವಲ್ಪ ಯೋಚಿಸಿ ನೋಡಿ. ಸುಳ್ಳುಗಾರನು ಇಲ್ಲದ್ದನ್ನು ಇದೆಯೆಂದು ನಂಬಿಸುತ್ತಾನೆ. ಊಹಿಸುವವನು "ಹೀಗಿದ್ದರೆ" ಎಂದು ಮೊದಲೇ ಹೇಳಿಬಿಡುತ್ತಾನೆ. ಅವನು ಯಾರನ್ನೂ ವಂಚಿಸುವುದಿಲ್ಲ. ಇರುವುದನ್ನು ಚೆನ್ನಾಗಿ ಕಾಣಲು ಇಲ್ಲದ್ದರ ನೆರವು ಪಡೆಯುತ್ತಾನೆ, ಅಷ್ಟೆ.

ಸವಣೂರಿನ ನೆರೆಯ ಶಿಗ್ಗಾಂವಿ ತಾಲೂಕಿನ ಶಿಶುನಾಳದಲ್ಲಿ ಜನಿಸಿದ ಶರೀಫ ಸಾಹೇಬರು (1819-1889) ಕೋಳಿಯು ಕೋಡಗನನ್ನು ನುಂಗಿದ ಹಾಡು ಕಟ್ಟಿದರು. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಅದನ್ನು ಕೇಳದವರು ವಿರಳ. ಕೋಳಿ ಕೋತಿಯನ್ನು ನುಂಗದೆಂಬುದು ಅವರಿಗೆ ತಿಳಿಯದೇ? ಹಾಡು ಕೊನೆಗೆ ಹಾಡುವವನ 'ನಾನು' ಎಂಬುದೇ ಅಳಿದುಹೋಗುವಲ್ಲಿಗೆ ಬಂದು ನಿಲ್ಲುತ್ತದೆ. ದೊಡ್ಡದೆಂದು ಬೀಗುವ ಅಹಂಕಾರವನ್ನು ಚಿಕ್ಕದೊಂದು ನುಂಗಬಲ್ಲದು ಎಂಬುದನ್ನು ಕೇಳುಗನು ನಗುನಗುತ್ತಲೇ ಕಲಿಯುತ್ತಾನೆ.

ಇದು ಹಾಡುಗಾರರ ಮಾತಾಯಿತು ಎನ್ನುವಿರಾ? ಮಹಾ ವೈದ್ಯರೂ ತತ್ವಜ್ಞಾನಿಯೂ ಆಗಿದ್ದ ಇಬ್ನ್ ಸೀನಾ (980-1037) ಶೂನ್ಯದಲ್ಲಿ ತೇಲುವ ಮನುಷ್ಯನೊಬ್ಬನನ್ನು ಊಹಿಸಿದರು. ಅವನಿಗೆ ಏನೂ ಕಾಣದು, ತನ್ನ ಕೈಕಾಲುಗಳ ಅರಿವೂ ಇಲ್ಲ. ಆದರೂ ತಾನಿದ್ದೇನೆಂಬುದು ಅವನಿಗೆ ತಿಳಿದಿರುತ್ತದೆ. ಆತ್ಮವು ದೇಹವಷ್ಟೇ ಅಲ್ಲವೆಂದು ಅವರು ಹೀಗೆ ತೋರಿಸಿಕೊಟ್ಟರು.

ಪವಿತ್ರ ಕುರ್‌ಆನ್ ಕೂಡಾ ನಮ್ಮನ್ನು ಊಹಿಸಲು ಕರೆಯುತ್ತದೆ. ಭೂಮಿಯ ಮರಗಳೆಲ್ಲ ಲೇಖನಿಗಳಾಗಿ, ಸಮುದ್ರಕ್ಕೆ ಇನ್ನೂ ಏಳು ಸಮುದ್ರಗಳು ಸೇರಿ ಶಾಯಿಯಾದರೂ ಅಲ್ಲಾಹನ ವಚನಗಳು ಮುಗಿಯವು ಎಂಬ ಆಶಯ ಲುಕ್ಮಾನ್ ಅಧ್ಯಾಯದಲ್ಲಿದೆ (31:27). ಈ ಚಿತ್ರವಿಲ್ಲದೆ ಅನಂತವೆಂಬುದು ನಮ್ಮ ಪುಟ್ಟ ಬುದ್ಧಿಗೆ ಹೇಗೆ ನಿಲುಕೀತು?

ಹಾಗೆಂದು ಎಲ್ಲ ಊಹೆಯೂ ಒಳ್ಳೆಯದಲ್ಲ. ದುಡಿಯದೆ ಸಿರಿವಂತನಾಗುವ ಶೇಖ್ ಚಿಲ್ಲಿಯ ಕನಸು ಮನುಷ್ಯನನ್ನು ಸೋಮಾರಿಯಾಗಿಸುತ್ತದೆ. ಸತ್ಯದ ಕಡೆಗೆ, ಸತ್ಕರ್ಮದ ಕಡೆಗೆ ಒಯ್ಯುವ ಊಹೆಯೇ ಬೇರೆ.

ತನಗಾಗಿ ಬಯಸುವುದನ್ನು ತನ್ನ ಸಹೋದರನಿಗೂ ಬಯಸುವ ತನಕ ಒಬ್ಬನ ವಿಶ್ವಾಸ ಪೂರ್ಣವಾಗದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆದರೆ ಒಬ್ಬನು ಇನ್ನೊಬ್ಬನಾಗುವುದು ಸಾಧ್ಯವೇ? ಎಂದಿಗೂ ಇಲ್ಲ. ಮೆಕ್ಕೆಜೋಳದ ಒಕ್ಕಣೆ ಮುಗಿದ ಸಂಜೆ "ಕೂಲಿ ನಾಳೆ ಕೊಡುತ್ತೇನೆ" ಎನ್ನುವ ಹೊಲದೊಡೆಯನು ಕೂಲಿಯವನಾಗಲಾರ. ಆದರೆ "ನಾನೇ ಅವನಾಗಿದ್ದು, ಬರಿಗೈಯಲ್ಲಿ ಮನೆಗೆ ಹೋಗಬೇಕಾಗಿದ್ದರೆ?" ಎಂದು ಒಂದು ಗಳಿಗೆ ಊಹಿಸಬಲ್ಲ. ಹಾಗೆ ಊಹಿಸಿದವನ ಕೈ ತಾನಾಗಿ ಜೇಬಿಗೆ ಹೋಗುತ್ತದೆ.

ಆದ್ದರಿಂದ ಪ್ರಿಯ ಓದುಗರೇ, ಮಗುವನ್ನು ಗದರಿಸಬೇಡಿ. "ಹಾಗಿದ್ದರೆ ಹಕ್ಕಿಗಳು ಗೂಡು ಎಲ್ಲಿ ಕಟ್ಟುತ್ತಿದ್ದವು, ಹೇಳು ನೋಡೋಣ" ಎಂದು ಕೇಳಿ. ಇಂದು ಮರವನ್ನು ಕಂಡು "ಹೀಗಿದ್ದರೆ" ಎಂದ ಮಗು ನಾಳೆ ನೆರೆಯವನ ಸಂಕಟವನ್ನು ಕಂಡಾಗಲೂ ಹಾಗೆಯೇ ಯೋಚಿಸೀತು.