ಹೆಸರು ತನ್ನದು, ಒಡವೆ ಪರರದು



ತನ್ನ ಒಡವೆಯನ್ನು ತಾನು ಕಾಯುವುದು ಲೋಕಸಹಜ. ಪರರ ಒಡವೆಯನ್ನು ತನ್ನ ಹೆಸರಿನಲ್ಲಿರಿಸಿಕೊಂಡು, ಇದು ತನ್ನದಲ್ಲವೆಂಬ ಎಚ್ಚರ ತಪ್ಪದಂತೆ ಕಾಯುವುದು ಸಾಧನೆ. ಮನೆತನದ ಟ್ರಸ್ಟಿಗೆ ವಿಶ್ವಸ್ತನಾದವನ ಹೊಣೆ ಇಂತಹದು.

ಹಿರಿಯರೊಬ್ಬರು ಮೊಮ್ಮಕ್ಕಳ ವಿದ್ಯೆಗೆಂದು ಹೊಲಮನೆಗಳನ್ನು ಟ್ರಸ್ಟಿಗೆ ಬಿಟ್ಟು, ಹಿರಿಯ ಮಗನನ್ನು ವಿಶ್ವಸ್ತನನ್ನಾಗಿ ನೇಮಿಸಿ ಲಿಂಗೈಕ್ಯರಾದರೆಂದು ಭಾವಿಸಿರಿ. ಕೆಲವು ವರ್ಷಗಳ ಮೇಲೆ, ಗಂಡನನ್ನು ಕಳೆದುಕೊಂಡ ಕಿರಿಯ ಸೊಸೆ, “ಭಾವನವರೆ, ಮಕ್ಕಳ ಪಾಲಿನ ಲೆಕ್ಕವನ್ನೊಮ್ಮೆ ತೋರಿಸುವಿರಾ?” ಎಂದು ಕೇಳುತ್ತಾಳೆ. “ನನ್ನ ಮೇಲೆ ನಂಬಿಕೆಯಿಲ್ಲವೆ?” ಎಂದು ಆತನು ಸಿಡಿಯುತ್ತಾನೆ. ವ್ಯಾಜ್ಯಕ್ಕೆ ಬೀಜ ಬಿದ್ದುದು ಆಕೆಯ ಪ್ರಶ್ನೆಯಿಂದಲ್ಲ, ಈತನ ಸಿಡುಕಿನಿಂದ. ಆತನು ಒಂದು ಕಾಸನ್ನೂ ಮುಟ್ಟದಿರಬಹುದು. ಆದರೆ ಮುಚ್ಚಿಟ್ಟ ಕಿರ್ದಿಯು ನಿರ್ದೋಷಿಯನ್ನೂ ಕಳ್ಳನಂತೆ ತೋರಿಸುತ್ತದೆ.

1882ರ ಭಾರತೀಯ ಟ್ರಸ್ಟುಗಳ ಕಾಯಿದೆ ಇಲ್ಲಿ ಸ್ಪಷ್ಟವಾಗಿದೆ. ವಿಶ್ವಸ್ತನು ಸರಿಯಾದ ಲೆಕ್ಕವನ್ನಿಡಬೇಕು. ಯುಕ್ತಕಾಲದಲ್ಲಿ ಫಲಾನುಭವಿ ಕೇಳಿದಾಗ ಪೂರ್ಣ ವಿವರವನ್ನು ಕೊಡಬೇಕೆಂದು 19ನೆಯ ಕಲಮು ವಿಧಿಸುತ್ತದೆ. ಟ್ರಸ್ಟಿನ ಸ್ವತ್ತನ್ನು ಸ್ವಂತ ಲಾಭಕ್ಕೆ ಬಳಸಬಾರದೆಂದು 51ನೆಯ ಕಲಮು ತಡೆಯುತ್ತದೆ. ಜೊತೆಯ ವಿಶ್ವಸ್ತನ ತಪ್ಪನ್ನು ತಿಳಿದೂ ಮುಚ್ಚಿಟ್ಟವನು, “ನಾನೇನೂ ಮಾಡಲಿಲ್ಲ” ಎಂದು ಪಾರಾಗಲಾರನು. 26ನೆಯ ಕಲಮು ಅವನನ್ನೂ ಹೊಣೆಗಾರನನ್ನಾಗಿಸುತ್ತದೆ.

ಕಾಯಿದೆ ಹೊರಗಿನ ಬೇಲಿ. ಒಳಗಿನ ಬೇಲಿಯನ್ನು ಶರಣರು ಕಟ್ಟಿಕೊಟ್ಟರು. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದಾಗ, ಬೊಕ್ಕಸವನ್ನು ಜಂಗಮರಿಗೆ ಸುರಿದರೆಂಬ ದೂರು ಹುಟ್ಟಿತೆಂದೂ, ತೆರೆದು ಎಣಿಸಿದಾಗ ಏನೂ ಕೊರತೆಯಾಗಿರಲಿಲ್ಲವೆಂದೂ ಪರಂಪರೆ ಹೇಳುತ್ತದೆ. ಅಂತಹ ಮಹಾನುಭಾವರ ಲೆಕ್ಕವನ್ನೇ ಲೋಕ ನೋಡಿತೆಂದ ಬಳಿಕ, ನಮ್ಮ ಲೆಕ್ಕವನ್ನು ಕೇಳಿದರೆ ಮುನಿಯಲು ನಾವೆಷ್ಟರವರು? ಮಾರಯ್ಯನವರು ಎಂದಿಗಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಕಳುಹಿದರು. ನೆಲಕ್ಕೆ ಬಿದ್ದ ಅಕ್ಕಿಯಲ್ಲಿಯೇ ಅಷ್ಟು ಎಚ್ಚರ ಬೇಕಾದರೆ, ತಂದೆಯಿಲ್ಲದ ಮಕ್ಕಳ ಪಾಲಿನಲ್ಲಿ ಎಷ್ಟು ಬೇಕು!

ಆದುದರಿಂದ, ವಿಶ್ವಸ್ತರಾದವರೆ, ಯಾರೂ ಕೇಳುವುದಕ್ಕೆ ಮೊದಲೇ, ವರ್ಷಕ್ಕೊಮ್ಮೆ ಬಸವ ಜಯಂತಿಯಂದು ಮನೆಯವರನ್ನೆಲ್ಲ ಕೂರಿಸಿ ಕಿರ್ದಿಯನ್ನು ತೆರೆಯಿರಿ. ಕೇಳುವವರೆ, ದೂರಿನ ದನಿಯಿಲ್ಲದೆ ಕೇಳಿರಿ. ಲೆಕ್ಕ ತೆರೆದ ಮನೆಯಲ್ಲಿ ಅಣ್ಣತಮ್ಮಂದಿರ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಣ್ಣುವರು. ಅದೇ ಆ ಹಿರಿಯರಿಗೆ ಸಲ್ಲುವ ನಿಜವಾದ ಸ್ಮರಣೆ.